ಅಮೆರಿಕದಲ್ಲಿ ವಲಸಿಗರು ಹೊಸದಾಗಿ ನೆಲೆಸುತ್ತಿದ್ದ ಗಡಿಸೀಮೆಯ ಯುದ್ಧಗಳ ಹಳೆಯ ಪತ್ರಗಳಲ್ಲಿ ಸಾವಿನ ಸುದ್ದಿಯ ಜೊತೆಗೇ ದನಕರುಗಳ ಲೆಕ್ಕ ಯಾಕಿರುತ್ತದೆ?

ಬರೆದವರಿಗೆ ಅವೆರಡೂ ಒಂದೇ ಸುದ್ದಿಯಾಗಿತ್ತು: ಯಾರು ಉಳಿದರು, ಉಳಿದವರ ಹೊಟ್ಟೆಪಾಡು ಏನು.

ನಾರ್ವೆಯಿಂದ ಬಂದು ಅಮೆರಿಕದ ಮಿನ್ನೆಸೋಟದಲ್ಲಿ ನೆಲೆಸಿದ್ದ ಗುರಿ ಎಂಡ್ರೆಸನ್ ಅವರ ಪತ್ರವನ್ನೇ ನೋಡಿ. 1862ರಲ್ಲಿ ಅಲ್ಲಿನ ಮೂಲನಿವಾಸಿ ಡಕೋಟಾ ಜನರಿಗೂ ಅಮೆರಿಕ ಸರ್ಕಾರ ಮತ್ತು ವಲಸಿಗರಿಗೂ ನಡೆದ ಡಕೋಟಾ ಯುದ್ಧದಲ್ಲಿ ಅವರ ಗಂಡನೂ ಒಬ್ಬ ಮಗನೂ ಸತ್ತರು. ಅವರು ಪುಟ್ಟ ಮಗಳನ್ನು ಎದೆಗವಚಿಕೊಂಡು ನೆಲಮಾಳಿಗೆಯಲ್ಲಿ ಅಡಗಿ ಬದುಕಿದರು. ಅದನ್ನೆಲ್ಲ ನಾರ್ವೆಯ ತವರಿಗೆ ಬರೆಯಲಾದದ್ದು 1866ರಲ್ಲಿ. ಅದೇ ಕಾಗದದಲ್ಲಿ ದನಗಳ ಮಾತೂ ಬರುತ್ತದೆ. ಇದು ಕಲ್ಲೆದೆಯಲ್ಲ, ‘ನಾವು ಬೀದಿಪಾಲಾಗಿಲ್ಲ, ಚಿಂತೆ ಬೇಡ’ ಎಂದು ಹೇಳುವ ರೀತಿ ಎಂದೇ ನನಗನಿಸುತ್ತದೆ. ಜೊತೆಗೆ ಇಂಥ ಕಾಗದಗಳು ಊರಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು. ವಲಸೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದವರಿಗೆ ಹೊಲ, ಹಸು, ಬೆಲೆಗಳ ವಿವರವೇ ಬೇಕಿತ್ತು.

ಇನ್ನೊಂದು ಮಗ್ಗುಲೂ ಇದೆ. ನೆಲ ಬಿಟ್ಟುಕೊಟ್ಟ ಡಕೋಟಾ ಜನ ಯುದ್ಧಕ್ಕಿಳಿದದ್ದು ಆ ನೆಲಕ್ಕೆ ಬದಲಾಗಿ ಸರ್ಕಾರ ಕೊಡಬೇಕಿದ್ದ ಒಪ್ಪಂದದ ಹಣ ಕೈಸೇರದೆ ಹಸಿದಿದ್ದಾಗ. ಸೆರೆಯಾದವರು ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಸೆರೆಶಿಬಿರದಿಂದ ಡಕೋಟಾ ಭಾಷೆಯಲ್ಲೇ ಬರೆದ ಪತ್ರಗಳು ಇಂದಿಗೂ ಉಳಿದಿವೆ. ಅವುಗಳಲ್ಲೂ ಮತ್ತೆಮತ್ತೆ ಬರುವುದು ತಮ್ಮವರು ಹೇಗಿದ್ದಾರೆ ಎಂಬ ಪ್ರಶ್ನೆ.