ನೀಲಿ ಕಪ್ಪೆ ಬರೆದು ಕೆಟ್ಟೆ

ಚಿಕ್ಕಂದಿನಲ್ಲಿ ಕಂಡ, ಈಗ ಕಾಣದ ಪ್ರಾಣಿಗಳ ಚಿತ್ರಪ್ರದರ್ಶನ ಮಾಡಬೇಕು, ನೆನಪಿನಿಂದ ಬರೆದರೆ ತಪ್ಪಾಗುತ್ತೆ, ಒಳ್ಳೆಯ ಮಾದರಿ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಹೀಗೇ ಅಲೆದಿದ್ದೆ. ಅದರಲ್ಲೇ ಕೆಟ್ಟೆ.

ನನ್ನದು ಮರಗಪ್ಪೆ. ಬಚ್ಚಲ ಕಿಟಕಿಯ ಗಾಜಿಗೆ ಹೊರಗಿನಿಂದ ಅಂಟಿಕೊಂಡಿರುತ್ತಿತ್ತು. ನಾನೂ ಅಕ್ಕನೂ ಒಳಗಿನಿಂದ ಅದರ ಬಿಳಿ ಹೊಟ್ಟೆ, ಗುಂಡಿಯಂಥ ಬೆರಳ ತುದಿ, ಪಟಪಟ ಬಡಿಯುವ ಗಂಟಲು ನೋಡುತ್ತಾ ಸ್ನಾನ ಮರೆಯುತ್ತಿದ್ದೆವು. ಬರೆಯುವ ಹೊತ್ತಿಗೆ ಮಾತ್ರ ನನ್ನ ನೆನಪನ್ನು ನಾನೇ ನಂಬಲಿಲ್ಲ. ಒಂದು ಲ್ಯಾಬಿನಲ್ಲಿ ಜಾಡಿಯೊಳಗೆ ಸ್ಪಿರಿಟ್ಟಿನಲ್ಲಿ ಕಾಪಿಟ್ಟಿದ್ದ ಅದೇ ಜಾತಿಯ ಸತ್ತ ಕಪ್ಪೆಯ ಮುಂದೆ ಮೂರು ದಿನ ಕೂತೆ. ಬೂದು ಮಿಶ್ರಿತ ನೀಲಿ. ಹಾಗೇ ಬರೆದೆ. ಆಮಂತ್ರಣ, ಪೋಸ್ಟರ್, ಎಲ್ಲದರ ಮೇಲೂ ಅದೇ.

ಮೊದಲ ದಿನವೇ ಅಕ್ಕ ಬಂದಳು. "ಇದ್ಯಾವ ಕಪ್ಪೆನೋ? ನಮ್ದು ಹಸಿರಿತ್ತಲ್ವಾ?"

ನನಗೂ ಹಸಿರೇ ನೆನಪಿತ್ತು! ಆಮೇಲೆ ಓದಿ ತಿಳಿದದ್ದು: ಬಹಳಷ್ಟು ಹಸಿರು ಕಪ್ಪೆಗಳ ಚರ್ಮದಲ್ಲಿ ಹಸಿರು ಬಣ್ಣವೇ ಇರುವುದಿಲ್ಲ. ಮೇಲೆ ಹಳದಿ ಪದರ, ಅದರಡಿ ನೀಲಿ ಬೆಳಕನ್ನು ವಾಪಸ್ ಕಳಿಸುವ ಪದರ, ತಳದಲ್ಲಿ ಕಪ್ಪು. ಆ ನೀಲಿ ಬೆಳಕು ಹಳದಿಯನ್ನು ಹಾದು ಬಂದಾಗ ನಮ್ಮ ಕಣ್ಣಿಗೆ ಹಸಿರು. ಆಲ್ಕೋಹಾಲಿನಲ್ಲಿಟ್ಟರೆ ಹಳದಿ ಕರಗಿಹೋಗಿ ನೀಲಿ ಉಳಿಯುತ್ತೆ. ಸ್ಪಿರಿಟ್ಟು ತಿಂದು ಉಳಿಸಿದ್ದನ್ನು ನಾನು ಮೂರು ದಿನ ನಿಷ್ಠೆಯಿಂದ ನಕಲು ಮಾಡಿದ್ದೆ. ಮ್ಯೂಸಿಯಂ ಹಕ್ಕಿಗಳದ್ದೂ ಇದೇ ಪಾಡು. ಕೊಕ್ಕು, ಕಾಲಿನ ಬಣ್ಣ ಮಾಸಿರುತ್ತೆ. ಪೆಟ್ಟಿಗೆಯಲ್ಲಿ ಮಲಗಿಸಿಟ್ಟವಕ್ಕೆ ಕಣ್ಣಿನ ಜಾಗದಲ್ಲಿ ಹತ್ತಿ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಮಾದರಿ ಹುಡುಕುವುದು ಆಮೇಲೆ. ಮೊದಲು ಫೋನು ಪಕ್ಕಕ್ಕಿಟ್ಟು ನೆನಪಿದ್ದಷ್ಟು ಬರೆಯಿರಿ. ಕಾಲು ನೆನಪಿಲ್ವಾ, ಖಾಲಿ ಬಿಡಿ. ನಿಮ್ಮ ಜೊತೆ ಅದನ್ನು ನೋಡಿದವರಿಗೆ ತೋರಿಸಿ, ಬೈಸಿಕೊಳ್ಳಿ. ಕಪ್ಪೆಗೆ ಮುಂಗಾಲಿನಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಐದು. ಇಂಥದ್ದನ್ನು ಸರಿಮಾಡೋಕೆ ಮಾತ್ರ ಫೋಟೋ ಸಾಕು, ಅದೂ ಬದುಕಿರುವ ಪ್ರಾಣಿಯದ್ದು. ಕಪ್ಪೆಗಳೂ ಸೇರಿದ ಉಭಯಚರಗಳ ಪ್ರಭೇದಗಳಲ್ಲಿ ಸುಮಾರು ಶೇ 41ರಷ್ಟಕ್ಕೆ ಅಳಿವಿನ ಅಪಾಯವಿದೆ ಅಂತ 2023ರಲ್ಲಿ ಬಂದ ಜಾಗತಿಕ ಅಧ್ಯಯನ ಹೇಳಿದೆ. ಅಂಥ ಬೋರ್ಡು ಬೇಕಾದರೆ ಹಾಕಿ. ಆದರೆ ಅದನ್ನು ಓದಿ ಜನ ಮುಂದೆ ಹೋಗ್ತಾರೆ. ಗಂಟಲು ಬಡಿಯೋದು ಕಂಡರೆ ನಿಲ್ತಾರೆ.

ನೀಲಿ ಕಪ್ಪೆ ಈಗ ನನ್ನ ಮಂಚದ ಕೆಳಗಿದೆ. ಅಕ್ಕ ಬಂದಾಗಲೆಲ್ಲ ಬಗ್ಗಿ ನೋಡಿ, "ಹಸಿರಾಯ್ತಾ?" ಅಂತಾಳೆ.