ಬಿದ್ದವರ ಮನೆಯನ್ನು ಪರಿಶೀಲಿಸುವುದೂ ಚಿಕಿತ್ಸೆಯೇ?

ಬಚ್ಚಲಲ್ಲಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡ ನಿಮ್ಮ ತಾಯಿಯವರನ್ನು ಮನೆಗೆ ಕಳುಹಿಸುವಾಗ ವೈದ್ಯರು "ಮನೆಯನ್ನೊಮ್ಮೆ ತಿಳಿದವರಿಗೆ ತೋರಿಸಿ" ಎಂದರಂತೆ. ಇದು ವೈದ್ಯಕೀಯ ಸಲಹೆಯೋ, ಮೇಸ್ತ್ರಿಯಿಂದ ಹಿಡಿಕೆಯೊಂದನ್ನು ಹಾಕಿಸಿದರೆ ಮುಗಿಯುವ ಕೆಲಸವೋ ಎಂಬುದು ನಿಮ್ಮ ಪ್ರಶ್ನೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಕಡೆ ಮನೆಗಳಿಗೆ ಹೋಗಿ ಚಿಕಿತ್ಸೆ ನೀಡುವ ಫಿಸಿಯೋಥೆರಪಿಸ್ಟ್ ಆಗಿ ನಾನು ಹೇಳುವುದಾದರೆ, ಇದು ಚಿಕಿತ್ಸೆಯೇ. ಮೇಸ್ತ್ರಿಯ ಸರದಿ ಕೊನೆಯದು.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ 2023ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ಈಗಾಗಲೇ ಬಿದ್ದವರಂತಹ ಹೆಚ್ಚಿನ ಅಪಾಯದ ಹಿರಿಯರ ಮನೆಗಳಲ್ಲಿನ ತೊಡಕುಗಳನ್ನು ಸರಿಪಡಿಸಿದಾಗ ಬೀಳುವ ಪ್ರಮಾಣ ಸುಮಾರು ಶೇ. 38ರಷ್ಟು ಇಳಿದಿತ್ತು, ಅಂತಹ ಅಪಾಯವಿಲ್ಲದವರಲ್ಲಿ ಪ್ರಯೋಜನ ಕಂಡುಬರಲಿಲ್ಲ. ಆದ್ದರಿಂದ ಮನೆಗಿಂತ ಮೊದಲು ಆ ವ್ಯಕ್ತಿಯನ್ನು ನೋಡಬೇಕು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ರಕ್ತದೊತ್ತಡ ಅಳೆದಾಗ ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ, ಅವರು ಬಿದ್ದದ್ದು ನೆಲ ಜಾರಿದ್ದರಿಂದಲೇ ಎಂದು ಹೇಳಲಾಗದು, ಎದ್ದಾಗ ತಲೆ ತಿರುಗಿಯೂ ಬಿದ್ದಿರಬಹುದು. ನಿದ್ರೆಯ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಬಿಪಿ ಮಾತ್ರೆಗಳನ್ನು ಯಾವ ಹೊತ್ತಿಗೆ ತೆಗೆದುಕೊಳ್ಳುತ್ತಾರೆಂಬುದನ್ನೂ ವೈದ್ಯರು ಪರಿಶೀಲಿಸಬೇಕು, ನೀವಾಗಿ ನಿಲ್ಲಿಸಬೇಡಿ. ನಿಂತಲ್ಲಿಂದ ಬಿದ್ದಷ್ಟಕ್ಕೇ ಮೂಳೆ ಮುರಿದಿರುವುದರಿಂದ ಮೂಳೆಯ ಸಾಂದ್ರತೆಯ ಬಗ್ಗೆಯೂ ಕೇಳಿ.

ಅನಂತರ ಮನೆ. ನಾನು ಕೋಣೆಗಳನ್ನು ಒಂದೊಂದಾಗಿ ನೋಡುತ್ತಾ ಹೋಗುವುದಿಲ್ಲ. ರಾತ್ರಿ ಎದ್ದು ಹೇಗೆ ಹೋಗುತ್ತೀರೋ ಹಾಗೆಯೇ ನಡೆದು ತೋರಿಸಿ ಎಂದು ಹಿರಿಯರನ್ನೇ ಕೇಳಿಕೊಂಡು ಅವರ ಹಿಂದೆ ನಡೆಯುತ್ತೇನೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಆ ದಾರಿ ಎತ್ತರದ ಹೊಸ್ತಿಲನ್ನು ದಾಟಿ, ಜಗಲಿಯ ಮುರಕಲ್ಲಿನ ಮೆಟ್ಟಿಲಿಳಿದು, ಅಂಗಳದಾಚೆಯ ಬಚ್ಚಲುಕೊಟ್ಟಿಗೆಯವರೆಗೂ ಸಾಗುವುದುಂಟು. ಜೂನ್ ತಿಂಗಳಿಂದ ಅಂಗಳಕ್ಕೆ ಪಾಚಿ ಹಿಡಿಯುತ್ತದೆ, ಗಾಳಿಮಳೆಗೆ ಕರೆಂಟು ಹೋಗುತ್ತದೆ, ಮೆಟ್ಟಿಲಿನ ಅಂಚು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಇಂತಹ ಕಡೆ ಮಳೆಗಾಲದ ರಾತ್ರಿಗಳಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ ಇಡುವುದೇ ಲೇಸು. ಹಿರಿಯರಿಗೆ ಅದು ಅವಮಾನವೆನಿಸುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ; ಮಳೆ ನಿಲ್ಲುವವರೆಗೆ ಎಂದರೆ ಹೆಚ್ಚಿನವರು ಒಪ್ಪುತ್ತಾರೆ.

ಹಿಡಿಕೆಯ ವಿಷಯದಲ್ಲಿಯೂ ಅವರ ದೇಹವೇ ಅಳತೆ. ನಿಮ್ಮ ತಾಯಿಯವರ ಬಲಗೈಗೆ ಈಗ ಭಾರ ಹಾಕುವಂತಿಲ್ಲವಾದ್ದರಿಂದ ಹಿಡಿಕೆ ಎಡಗೈಗೆ ಸಿಗುವಲ್ಲಿರಬೇಕು. ಅವರು ಎದ್ದೇಳುವಾಗ ಕೈ ತಾನಾಗಿ ಎಲ್ಲಿ ಗೋಡೆಗೆ ತಾಗುತ್ತದೆಂದು ನೋಡಿ ಅಲ್ಲಿ ಗುರುತು ಹಾಕಿ. ಬೋಲ್ಟು ಗಾರೆಯಲ್ಲಿ ನಿಲ್ಲದೆ ಕಲ್ಲಿನೊಳಕ್ಕೆ ಇಳಿಯಲಿ, ಮತ್ತು ಟವೆಲ್ ಹಾಕುವ ಸರಳನ್ನು ಹಿಡಿಕೆಯೆಂದು ನಂಬಬೇಡಿ. ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಅದನ್ನು ಹೊರಕ್ಕೆ ತಿರುಗಿಸುವ ಖರ್ಚು ಹಿಡಿಕೆಯಷ್ಟೇ ಅಗತ್ಯದ್ದು, ಏಕೆಂದರೆ ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾದರೆ ಸಹಾಯಕ್ಕೆ ಬಂದವರು ಹೊರಗೇ ನಿಲ್ಲಬೇಕಾಗುತ್ತದೆ.

ಯಾರನ್ನು ಕರೆಯುವುದು ಎಂದು ತಿಳಿಯದಿದ್ದರೆ ಮೊದಲು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. 2008ರಲ್ಲಿ ಪ್ಯಾಲಿಯೇಟಿವ್ ಆರೈಕೆಯ (ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ) ನೀತಿಯನ್ನು ತಂದ ಕೇರಳದಲ್ಲಿ ಪಂಚಾಯತು ಮಟ್ಟದ ನರ್ಸ್‌ಗಳು ಮನೆಗಳಿಗೆ ಬರುತ್ತಾರೆ. ಅವರ ಕೆಲಸ ಮುಖ್ಯವಾಗಿ ಹಾಸಿಗೆ ಹಿಡಿದವರಿಗಾದರೂ ದಾರಿ ತೋರಿಸಬಲ್ಲರು. ಬಂದವರು ಮಲಯಾಳದಲ್ಲಿ ಕೇಳಿದಾಗ ತಾಯಿಯ ಪರವಾಗಿ ಮಕ್ಕಳೇ ಉತ್ತರ ಕೊಟ್ಟುಬಿಡುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಹಾಗೆ ಮಾಡದೆ, ಅವರು ಕನ್ನಡದಲ್ಲೋ ತುಳುವಿನಲ್ಲೋ ತಾವೇ ಹೇಳಲಿ, ನೀವು ಅನುವಾದಿಸಿ. ತಲೆ ತಿರುಗಿತೇ, ಕಾಲು ಜಾರಿತೇ ಎಂಬುದು ಬಿದ್ದವರಿಗೆ ಮಾತ್ರ ಗೊತ್ತು. ಮುಂದಿನ ಭೇಟಿಗೆ ಹೋಗುವಾಗ ಎಲ್ಲ ಮಾತ್ರೆಗಳ ಪಟ್ಟಿಯೊಂದಿಗೆ, ಅವರು ಮಂಚದಿಂದ ಬಚ್ಚಲವರೆಗೆ ನಡೆಯುವುದರ ವಿಡಿಯೋವನ್ನೂ ಫೋನಿನಲ್ಲಿ ಒಯ್ದು ವೈದ್ಯರಿಗೆ ತೋರಿಸಿ.