ಕಿಟಕಿ ಕಟ್ಟೆಯ ಕುಂಡಗಳು

ಪ್ರಶ್ನೆ: ನಾನು ಧಾರವಾಡದವಳು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಎರಡನೇ ಮಹಡಿ, ಬಾಲ್ಕನಿ ಇಲ್ಲ. ಪಕ್ಕದ ಮನೆಯವರು ತಾವು ಪೇಗನ್ ಅಂತ ಹೇಳುತ್ತಾರೆ. ಅವರ ಕಿಟಕಿ ಕಟ್ಟೆ ತುಂಬ ರೋಸ್‌ಮರಿ, ಥೈಮ್, ಲೆಟ್ಯೂಸ್. ಫೆಬ್ರುವರಿ 1ಕ್ಕೆ ಮೇಣದಬತ್ತಿ ಹಚ್ಚಿ ಬೀಜ ಹಾಕಿದರು, ನನಗೂ ಒಂದು ಕುಂಡ ಕೊಟ್ಟರು. ಮನೆಯಲ್ಲಿ ಹೇಳಿದರೆ ಮಾಟ ಇರಬಹುದು, ವಾಪಸ್ ಕೊಡು ಅಂತಾರೆ. ಇನ್ನೊಂದು ವಿಷಯ, ನನ್ನ ತುಳಸಿ ಪ್ರತಿ ಚಳಿಗಾಲದಲ್ಲೂ ಸಾಯುತ್ತದೆ. ಏನು ಮಾಡಲಿ?

ಉತ್ತರ: ಕುಂಡ ವಾಪಸ್ ಕೊಡಬೇಡಿ. ಅವರು ಹಬ್ಬದ ದಿನ ಪ್ರೀತಿಯಿಂದ ಕೊಟ್ಟದ್ದು ಅದು.

ಕ್ರೈಸ್ತಧರ್ಮ ಬರುವ ಮೊದಲು ಯುರೋಪಿನಲ್ಲಿದ್ದ ದೇವರುಗಳನ್ನು, ಋತುಗಳನ್ನು ಮತ್ತೆ ಪೂಜಿಸುವವರು ಈ ಪೇಗನ್ನರು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 74 ಸಾವಿರ ಜನ ತಮ್ಮ ಧರ್ಮ ಪೇಗನ್ ಅಂತ ಬರೆಸಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ವರ್ಷಕ್ಕೆ ಎಂಟು ಹಬ್ಬ. ನೀವು ನೋಡಿದ್ದು ಇಂಬೋಲ್ಕ್. ಚಳಿ ಇನ್ನೂ ಬಿಟ್ಟಿರುವುದಿಲ್ಲ, ಆದರೆ ಹಗಲು ಉದ್ದವಾಗುತ್ತಿರುವುದು ಕಣ್ಣಿಗೆ ಕಾಣುತ್ತದೆ, ಕುರಿಗಳು ಮರಿ ಹಾಕುವ ಕಾಲ ಹತ್ತಿರ ಬಂದಿರುತ್ತದೆ. ಬ್ರಿಜಿಡ್ ದೇವಿಯ ದಿನ ಅದು, ದೀಪ ಅವಳಿಗೆ. ಹೊಲ ಇಲ್ಲದವರು ಕಿಟಕಿಯಲ್ಲೇ ಬಿತ್ತುತ್ತಾರೆ.

ಧಾರವಾಡದವರಿಗೆ ಇದು ಹೊಸದೇನಲ್ಲ, ಅಲ್ವಾ? ನವರಾತ್ರಿಗೆ ಘಟ್ಟ ಹಾಕುತ್ತೇವೆ. ದೇವರ ಮುಂದೆ ಮಣ್ಣು ಹರಡಿ, ಕಾಳು ಬಿತ್ತಿ, ಒಂಬತ್ತು ದಿನ ನೀರು ಚಿಮುಕಿಸಿ, ಬಿಸಿಲು ಸರಿಯಾಗಿ ಬೀಳದ ಆ ಮೂಲೆಯಲ್ಲಿ ತೆಳ್ಳಗೆ ಹಳದಿಯಾಗಿ ಏಳುವ ಸಸಿಯನ್ನು ಮನೆಮಂದಿಯೆಲ್ಲ ಹೋಗಿ ಹೋಗಿ ನೋಡುತ್ತೇವೆ. ನೆರೆಮನೆಯವರಿಗೆ ಈ ಕಥೆ ಹೇಳಿ. ಖುಷಿಪಡುತ್ತಾರೆ.

ಇನ್ನು ತುಳಸಿ. ಡಿಸೆಂಬರಿನಲ್ಲಿ ಲೀಡ್ಸ್‌ನ ಹಗಲು ಏಳೂವರೆ ಗಂಟೆ ಇದ್ದರೆ ಹೆಚ್ಚು, ಅದರಲ್ಲೂ ಮೋಡ. ಗಿಡಕ್ಕೆ ಅದು ಸಾಲದು. ರಾತ್ರಿ ಗಾಜಿನ ಪಕ್ಕ ಕೊರೆಯುವ ಚಳಿ ಬೇರೆ. ಕತ್ತಲಾದ ಮೇಲೆ ಕುಂಡವನ್ನು ಒಳಗೆ ಸರಿಸಿ, ಆದರೆ ಹೀಟರ್ ಮೇಲೆ ಮಾತ್ರ ಇಡಬೇಡಿ. ಗಿಡಗಳಿಗೆಂದೇ ಸಿಗುವ ಎಲ್‌ಇಡಿ ದೀಪವನ್ನು ದಿನಕ್ಕೆ 12-14 ಗಂಟೆ ಹಾಕಿ. ಚಳಿಗಾಲದಲ್ಲಿ ಗಿಡ ಕಡಿಮೆ ಕುಡಿಯುತ್ತದೆ, ಭಕ್ತಿಯಿಂದ ದಿನಾ ಚೊಂಬು ನೀರು ಹಾಕಿದರೆ ಬೇರು ಕೊಳೆಯುತ್ತದೆ. ಬೆರಳು ಚುಚ್ಚಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ರೋಸ್‌ಮರಿಗೂ ಇದೇ ಮಾತು.

ಇಂಬೋಲ್ಕ್‌ಗೆ ಮೆಂತ್ಯ ಹಾಕಿ, ಚಳಿಗೆ ಅಷ್ಟು ಹೆದರುವುದಿಲ್ಲ. ಮಾರ್ಚ್ 20ರ ಸುಮಾರಿಗೆ ಹಗಲು ರಾತ್ರಿ ಸಮವಾಗುವಾಗ ಅವರಿಗೆ ಓಸ್ಟಾರಾ ಹಬ್ಬ. ಅಷ್ಟರಲ್ಲಿ ನಿಮಗೆ ಒಂದು ಹಿಡಿ ಸೊಪ್ಪು ಸಿಕ್ಕಿರುತ್ತದೆ. ತುಳಸಿ, ಬೇಸಿಲ್, ಟೊಮೆಟೊ ಬೀಜಕ್ಕೆ ಆ ಹಬ್ಬವೇ ಸರಿ. ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿಯೇ, ತುಳಸಿಯ ಹತ್ತಿರದ ನೆಂಟ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಅಡುಗೆಮನೆ ಕಿಟಕಿಯಲ್ಲಿ ಸೊಪ್ಪು ಬೆಳೆಯುತ್ತೇನೆ. ಈ ಎಂಟು ಹಬ್ಬಗಳ ತಾರೀಖು ನೋಡಿಕೊಂಡು ಬಿತ್ತಬಹುದಾ?

ಉತ್ತರ: ತಾರೀಖು ಸುಮ್ನೆ ನಕಲು ಮಾಡಬೇಡಿ. ಆಸ್ಟ್ರೇಲಿಯಾದ ಪೇಗನ್ನರಲ್ಲಿ ಅನೇಕರು ಅಲ್ಲಿನ ಋತುವಿಗೆ ತಕ್ಕಂತೆ ಹಬ್ಬಗಳನ್ನು ಆರು ತಿಂಗಳು ಸರಿಸಿಕೊಂಡಿದ್ದಾರೆ. ನಿಮ್ಮ ಕಿಟಕಿಗೆ ಬಿಸಿಲು ಯಾವ ತಿಂಗಳು ಎಷ್ಟು ಹೊತ್ತು ಬೀಳುತ್ತದೆ ಅಂತ ಒಂದು ವರ್ಷ ಬರೆದಿಡಿ. ಮೊದಲ ಮಳೆ, ದಸರಾ, ಸಂಕ್ರಾಂತಿ ಎಲ್ಲ ಅದರಲ್ಲೇ ಬರುತ್ತವೆ.